ಹೊಸ ಕೈಗೆ ಎಂಥ ಉಳಿ?

ನಮ್ಮ ತಾಯಿಯವರಿಗೆ ಈಗ 82 ವರ್ಷ. ಗವಿಪುರದ ನಮ್ಮ ಮನೆಯಲ್ಲಿ ದೇವರ ಮುಂದೆ ಅವರು ಕುಳಿತುಕೊಳ್ಳುತ್ತಿದ್ದ ಹಲಸಿನ ಮಣೆ ಕಳೆದ ಕಾರ್ತಿಕ ಮಾಸದಲ್ಲಿ ನಡುವೆ ಸೀಳಿ ಎರಡಾಯಿತು. ನಮ್ಮ ತಾತನವರ ಕಾಲದ ಮಣೆ. ಪ್ಲಾಸ್ಟಿಕ್ಕಿನ ಸ್ಟೂಲೊಂದನ್ನು ತಂದುಕೊಟ್ಟೆವು. "ಇದರ ಮೇಲೆ ಕೂತು ನಾನು ಸ್ನಾನ ಮಾಡೇನು, ಪೂಜೆ ಮಾಡಲಾರೆ" ಎಂದರು. ಬಡಗಿಯೊಬ್ಬನನ್ನು ಮೂರು ಸಲ ಕರೆದೆವು; ಒಂದು ಮಣೆಗಾಗಿ ಯಾರು ಬಂದಾರು? ಬೀರು, ಬಾಗಿಲು, ಅಡಿಗೆಮನೆಯ ಕಪಾಟು ಎಂದರೆ ಬರುವರು. ಕೊನೆಗೆ, "ನಾನೇ ಏಕೆ ಮಾಡಬಾರದು?" ಎಂಬ ದುರ್ಬುದ್ಧಿಯೋ ಸದ್ಬುದ್ಧಿಯೋ ನನಗೆ ಹುಟ್ಟಿತು. ಮೂವತ್ತು ವರ್ಷ ಸಂಧಿಸಮಾಸಗಳನ್ನು ಹೇಳಿಕೊಟ್ಟವನು ನಾನು. ಎರಡು ಮರಗಳನ್ನು ಸಂಧಿ ಮಾಡುವುದು ಅಷ್ಟೇನು ಕಷ್ಟವಾಗಲಾರದು ಎಂದುಕೊಂಡೆ.

ಹೀಗೆ ಹೊರಟವನು ಮೊದಲು ಮಾಡುವ ತಪ್ಪನ್ನೇ ನಾನೂ ಮಾಡಿದೆ. ಹದಿನಾಲ್ಕು ಸಾಮಾನುಗಳಿದ್ದ ಒಂದು ಪೆಟ್ಟಿಗೆಯನ್ನು 899 ರೂಪಾಯಿ ಕೊಟ್ಟು ಕೊಂಡೆ. ಆರು ಉಳಿ, ಒಂದು ಗರಗಸ, ಸುತ್ತಿಗೆ, ಅಳತೆಯ ಟೇಪು, ಇನ್ನೂ ಏನೇನೋ; ಎಲ್ಲವೂ ಕನ್ನಡಿಯಂತೆ ಹೊಳೆಯುತ್ತಿದ್ದವು, ಹಿಡಿಗಳು ಕೆಂಪು ಹಳದಿ. ಮೊದಲನೆಯ ಭಾನುವಾರವೇ ತೇಗದ ತುಂಡೊಂದರಲ್ಲಿ ಕಚ್ಚು ತೆಗೆಯಲು ಕುಳಿತೆ. ಹತ್ತು ಪೆಟ್ಟಿಗೆ ಉಳಿಯ ಬಾಯಿ ಹೆಂಗಸರ ಸೀರೆಯ ಅಂಚಿನಂತೆ ಮಡಿಸಿಕೊಂಡಿತು. ಮೊಂಡಾದುದರಿಂದ ಇನ್ನೂ ಜೋರಾಗಿ ಒತ್ತಿದೆ. ಅದು ಮರದಲ್ಲಿ ಇಳಿಯದೆ ಜಾರಿ, ತುಂಡನ್ನು ಹಿಡಿದಿದ್ದ ಎಡಗೈಯ ಹೆಬ್ಬೆರಳಿನಲ್ಲಿ ಇಳಿಯಿತು. ಮೂರು ಹೊಲಿಗೆ ಬಿದ್ದವು. ಮರವನ್ನು ಕೊರೆಯಲಾರದ ಉಳಿ ಬೆರಳನ್ನು ಕೊರೆಯಬಲ್ಲದು ಎಂಬುದು ಆ ದಿನ ನನಗೆ ತಿಳಿಯಿತು. ಹರಿತವಾದ ಉಳಿ ನಾವು ತಳ್ಳಿದಷ್ಟೇ ಹೋಗುತ್ತದೆ. ಮೊಂಡು ಉಳಿಯ ಹಿಂದೆ ನಾವು ಮೈಭಾರವನ್ನೆಲ್ಲ ಹಾಕುವೆವು, ಅದು ಜಾರಿದಾಗ ಆ ಭಾರವನ್ನು ತಡೆಯುವವರಿಲ್ಲ.

ನಮ್ಮ ಬೀದಿಯ ತುದಿಯಲ್ಲಿ ವಯಸ್ಸಾದ ಆಚಾರ್ಯರೊಬ್ಬರಿದ್ದಾರೆ. ಈಗ ಕೆಲಸ ಬಿಟ್ಟು ಜಗಲಿಯ ಮೇಲೆ ಕೂಡುವರು. ಕಟ್ಟು ಹಾಕಿದ ಬೆರಳನ್ನೂ ಉಳಿಯನ್ನೂ ಒಟ್ಟಿಗೆ ತೋರಿಸಿದೆ. ಬೆರಳನ್ನು ಅವರು ನೋಡಲಿಲ್ಲ. ಉಳಿಯ ಬಾಯಿಯನ್ನು ಉಗುರಿನಿಂದ ಒಮ್ಮೆ ಸವರಿ, "ಮೇಷ್ಟ್ರೇ, ಇದು ಕಬ್ಬಿಣ. ನಿಮಗೆ ಬೇಕಾದ್ದು ಉಕ್ಕು" ಎಂದರು.

ಕಬ್ಬಿಣ, ಉಕ್ಕು ಎಂಬ ಎರಡು ಪದಗಳ ನಡುವಣ ಅಂತರದಲ್ಲೇ ಹೊಸಬನಿಗೆ ಬೇಕಾದ ತಿಳಿವಳಿಕೆಯ ಮುಕ್ಕಾಲು ಪಾಲು ಅಡಗಿದೆ. ಕಬ್ಬಿಣದಲ್ಲಿ ಸ್ವಲ್ಪ ಇಂಗಾಲ ಬೆರೆತರೆ ಅದು ಉಕ್ಕು. ಕಿಟಕಿಯ ಸರಳಿಗೆ ಬಳಸುವ ಮೆದು ಉಕ್ಕಿನಲ್ಲಿ ಇಂಗಾಲ ನೂರಕ್ಕೆ 0.2ರಷ್ಟು. ಅದನ್ನು ಕಾಯಿಸಿ ನೀರಿಗೆ ಅದ್ದಿದರೂ ಉಳಿಗೆ ಬೇಕಾದಷ್ಟು ಗಟ್ಟಿಯಾಗದು. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ 0.6ರ ಸುಮಾರು, ಒಳ್ಳೆಯ ಅರದಲ್ಲಿ ಒಂದಕ್ಕಿಂತ ಹೆಚ್ಚು. ಇಂಥದನ್ನು ಕೆಂಪಗೆ ಕಾಯಿಸಿ, ಅಯಸ್ಕಾಂತಕ್ಕೆ ಅಂಟದಷ್ಟು ಬಿಸಿಯಾದಾಗ ಥಟ್ಟನೆ ಎಣ್ಣೆಗೋ ನೀರಿಗೋ ಅದ್ದಿದರೆ ಗಾಜಿನಂತೆ ಗಟ್ಟಿಯಾಗುತ್ತದೆ, ಗಾಜಿನಂತೆಯೇ ಒಡೆಯುತ್ತದೆ ಕೂಡ. ಆದುದರಿಂದ ಮತ್ತೆ ಮೆಲ್ಲಗೆ, ಮೈ ಹುಲ್ಲಿನ ಹಳದಿ ಬಣ್ಣಕ್ಕೆ ತಿರುಗುವವರೆಗೆ, ಎಂದರೆ 220 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಕಾಯಿಸಿ ಆ ಬಿರುಸನ್ನು ತಗ್ಗಿಸುವರು. ಇದೇ ಹದ. ಹದ ಹೆಚ್ಚಾದರೆ ಬಾಯಿ ಚೂರುಚೂರಾಗಿ ಉದುರುವುದು. ಕಡಮೆಯಾದರೆ ನನ್ನ ಉಳಿಯಂತೆ ಮಡಿಸಿಕೊಳ್ಳುವುದು.

ಈ ವಿದ್ಯೆ ನಮ್ಮ ಸೀಮೆಗೆ ಹೊರಗಿನಿಂದ ಬಂದುದೇನೂ ಅಲ್ಲ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಕಡೆ ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡುತ್ತಿದ್ದುದನ್ನು ನೋಡಿ ಬರೆದಿಟ್ಟಿದ್ದಾನೆ. ಪಾಶ್ಚಾತ್ಯರು "ವೂಟ್ಸ್" ಎಂದು ಹೆಸರಿಟ್ಟು ಬೆರಗಿನಿಂದ ಪರೀಕ್ಷಿಸಿದ ಲೋಹದ ಹೆಸರು ನಮ್ಮ "ಉಕ್ಕು" ಶಬ್ದದ ಅಪಭ್ರಂಶವೆಂದೇ ಬಹುಮಂದಿಯ ಅಭಿಪ್ರಾಯ.

ಅಂಗಡಿಯಲ್ಲಿ ನಿಂತವನು ಇದನ್ನು ತಿಳಿಯುವುದು ಹೇಗೆ? ಹೊಳಪು ಏನನ್ನೂ ಹೇಳದು. ಮೆದು ಕಬ್ಬಿಣಕ್ಕೂ ಹೊಳಪು ಕೊಡಬಹುದು. ಹಿಡಿಯ ಬಳಿ "ಕ್ರೋಮ್ ವನೇಡಿಯಂ" ಎಂದು ಒತ್ತಿರುವುದುಂಟು. ಅದು ಲೋಹದಲ್ಲಿ ಏನು ಬೆರೆಸಿದೆ ಎಂಬುದರ ಹೆಸರೇ ಹೊರತು, ಹದ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಹುಡುಗನ ಹೆಸರು ವಿದ್ಯಾಧರ ಎಂದಿದ್ದರೆ ಪರೀಕ್ಷೆಯಲ್ಲಿ ತೇರ್ಗಡೆಯಾದಾನೆಂದು ಹೇಳಲಾದೀತೆ? ಒಳ್ಳೆಯ ತಯಾರಕರು ಕೆಲವರು ಗಟ್ಟಿತನವನ್ನು ರಾಕ್‌ವೆಲ್ ಎಂಬ ಅಳತೆಯಲ್ಲಿ ತಿಳಿಸುವರು. ಉಳಿಗೆ 58ರಿಂದ 62ರ ಒಳಗೆ ಇದ್ದರೆ ಒಳ್ಳೆಯದು. ಅದೂ ಇಲ್ಲವಾದರೆ ಆಚಾರ್ಯರ ಉಪಾಯವಿದೆ: ಸಣ್ಣ ಹಲ್ಲಿನ ಹಳೆಯ ಅರವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯವರನ್ನು ಕೇಳಿ, ಉಳಿಯ ಬಾಯಿಯ ಮೂಲೆಯ ಮೇಲೆ ಮೆಲ್ಲಗೆ ಒಮ್ಮೆ ಎಳೆಯಬೇಕು. ಅರ ಜಾರಿದರೆ ಉಕ್ಕು ಗಟ್ಟಿ. ಬೆಣ್ಣೆಯಲ್ಲಿ ಕಚ್ಚಿದಂತೆ ಕಚ್ಚಿದರೆ ಉಳಿಯನ್ನು ಅಲ್ಲೇ ಇಟ್ಟುಬನ್ನಿ. ಅರ ಹಾಕಲು ಬಿಡದ ಅಂಗಡಿಯವರ ಮೇಲೆ ಕೋಪ ಬೇಡ, ಅವರ ಸಾಮಾನು ಅವರದು. ಒಂದೇ ಉಳಿಯನ್ನು ತಂದು ಮನೆಯಲ್ಲಿ ಪರೀಕ್ಷಿಸಿ, ಸರಿಯಾಗಿದ್ದರೆ ಅದೇ ಗುರುತಿನ ಇನ್ನೊಂದನ್ನು ಕೊಳ್ಳಿ. ಆರರ ಕಟ್ಟು ಬೇಡವೇ ಬೇಡ.

ಎರಡನೆಯ ಪರೀಕ್ಷೆ ಉಳಿಯ ಬೆನ್ನಿನದು. ಓರೆ ಇರುವ ಮುಖದ ಹಿಂದಿನ ಚಪ್ಪಟೆ ಮೈಯೇ ಬೆನ್ನು. ಹರಿತವಾದ ಅಂಚು ಎಂದರೆ ಎರಡು ಮೈಗಳು ಕೂಡುವ ಗೆರೆ ತಾನೆ? ಬೆನ್ನು ಡೊಂಕಾಗಿದ್ದರೆ ಓರೆಯನ್ನು ಎಷ್ಟು ಮಸೆದರೂ ಆ ಗೆರೆ ಹುಟ್ಟದು. ಉಕ್ಕಿನ ಅಡಿಕೋಲನ್ನು ಬೆನ್ನಿನ ಮೇಲೆ ಅಂಚಾಗಿ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ಎಲ್ಲಿ ಬೆಳಕು ನುಸುಳುವುದೋ ಅಲ್ಲಿ ತಗ್ಗು. ಬೆಳಕಿನ ಗೆರೆಗಾಗಿ ಕಾದು ನೋಡುವುದು ಗವಿಪುರದವರಿಗೆ ಹೊಸದಲ್ಲ. ಸಂಕ್ರಾಂತಿಯ ಸಂಜೆ ಗಂಗಾಧರೇಶ್ವರನ ಗುಹಾಲಯದಲ್ಲಿ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವ ಬಿಸಿಲಕೋಲನ್ನು ನಾವು ಚಿಕ್ಕಂದಿನಿಂದ ನೋಡುತ್ತ ಬಂದವರು. ಬೆನ್ನಿನಲ್ಲಿ ಬಾಯಿಯ ಕಡೆಗೆ ಒಂದಂಗುಲ ಸಮವಿದ್ದರೆ ಸಾಕು, ಹಿಡಿಯ ಕಡೆ ಸ್ವಲ್ಪ ಏರುಪೇರಿದ್ದರೆ ಕ್ಷಮಿಸಬಹುದು. ಹಿಡಿ ಮರದ್ದಾಗಿದ್ದರೆ ಅದರ ತುದಿಗಳಿಗೆ ಲೋಹದ ಬಳೆ ತೊಡಿಸಿದೆಯೇ, ಉಳಿಯೂ ಹಿಡಿಯೂ ಒಂದೇ ನೇರದಲ್ಲಿವೆಯೇ ಎಂದು ನೋಡಿ.

ಎಷ್ಟು ಉಳಿ ಬೇಕು? ನನ್ನ ಮಣೆಯನ್ನೇ ತೆಗೆದುಕೊಳ್ಳೋಣ. ಒಂದೂವರೆ ಅಡಿ ಉದ್ದ, ಒಂದೂಕಾಲು ಅಡಿ ಅಗಲದ ಹಲಗೆ. ಅದರ ಕೆಳಗೆ ಅಡ್ಡಲಾಗಿ ಎರಡು ಕಾಲುಪಟ್ಟಿ. ಪಟ್ಟಿ ಕೂರಲು ಹಲಗೆಯ ಅಡಿಯಲ್ಲಿ ಎರಡು ಕಚ್ಚು. ಕಚ್ಚಿನ ಎರಡು ಬದಿಗೆ ಗರಗಸ. ನಡುವಣ ಮರವನ್ನು ತೆಗೆಯಲು ಉಳಿ. ಗೆರೆ ನೇರವಾಗಿರಲು ಮೂಲೆಮಟ್ಟ. ಇದಕ್ಕೆ ಅರ್ಧ ಅಂಗುಲದ್ದೊಂದು, ಒಂದಂಗುಲದ್ದೊಂದು, ಎರಡೇ ಉಳಿ ಸಾಕಾದುವು. ಪೆಟ್ಟಿಗೆಯ ಉಳಿದ ನಾಲ್ಕನ್ನು ಮುಟ್ಟುವ ಪ್ರಸಂಗವೇ ಬರಲಿಲ್ಲ. ಮೊದಲು ಏನು ಮಾಡಬೇಕೆಂದು ಗೊತ್ತುಮಾಡಿಕೊಂಡು, ಅದು ಕೇಳಿದ್ದನ್ನಷ್ಟೇ ಕೊಳ್ಳುವುದು ಹಣ ಉಳಿಸುವ ದಾರಿ.

ಉಳಿದ ಹಣವನ್ನು ಸಾಣೆಗೆ ಹಾಕಬೇಕು. ಹೊಸಬರು ಇಲ್ಲಿಯೇ ಜಿಪುಣರಾಗುವುದು. ಅಂಗಡಿಯಿಂದ ಬಂದ ಉಳಿ ಎಷ್ಟು ದುಬಾರಿಯದಾದರೂ ಕೆಲಸಕ್ಕೆ ಸಿದ್ಧವಾಗಿರುವುದು ಅಪೂರ್ವ. ಅದರ ಬಾಯಿಗೆ ಅರಗಿನಂಥ ಲೇಪವಿರುವುದೂ ಉಂಟು. ಮಸೆಯದೆ ಮರದ ಹತ್ತಿರ ಕೊಂಡೊಯ್ಯಬಾರದು. "ಸಾಣೆ" ಎಂಬುದು ಸಂಸ್ಕೃತದ "ಶಾಣ"ದ ತದ್ಭವ. ಹಾಗೆಯೇ "ಕ್ರಕಚ" ಗರಗಸವಾಯಿತು, "ವಾಶಿ" ಬಾಚಿಯಾಯಿತು, "ವರ್ಧಕಿ" ಬಡಗಿಯಾದ. ಉಳಿ ಮಾತ್ರ ಅಚ್ಚಗನ್ನಡ; ತಮಿಳರಿಗೂ ಅದು ಉಳಿಯೇ. ತರಗತಿಯಲ್ಲಿ ಇವನ್ನು ವರ್ಷವರ್ಷವೂ ಬಾಯಿಪಾಠ ಮಾಡಿಸಿದವನ ಮನೆಯಲ್ಲಿ ಒಂದು ಸಾಣೆಕಲ್ಲು ಇರಲಿಲ್ಲವೆಂಬುದು ನಾಚಿಕೆಯ ಸಂಗತಿ.

ಕಲ್ಲಿನಲ್ಲಿ ಎರಡು ಬಗೆ. ಒಂದು ಮೈ ಒರಟು, ಇನ್ನೊಂದು ನಯವಾಗಿರುವ ಎಂಟಂಗುಲ ಉದ್ದದ ಕಾರ್ಬೊರಂಡಂ ಕಲ್ಲು ಎಲ್ಲ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುವುದು. ನಾನು ಕೊಟ್ಟದ್ದು 350 ರೂಪಾಯಿ. ಇನ್ನೊಂದು ಉಪಾಯ ಇದಕ್ಕಿಂತ ಅಗ್ಗ. ಅಡಿಗೆಮನೆಯ ಕಟ್ಟೆಗೆ ಗ್ರಾನೈಟ್ ಕೊಯ್ಯುವವರ ಬಳಿ ಒಂದಡಿ ಉದ್ದದ ಚೂರುಗಳು ಬಿದ್ದಿರುತ್ತವೆ. ಕೇಳಿದರೆ ಸುಮ್ಮನೆ ಕೊಟ್ಟಾರು. ಅದರ ನಯವಾದ ಮೈ ಬಹುಮಟ್ಟಿಗೆ ಸಮವಾಗಿರುತ್ತದೆ. ಅದರ ಮೇಲೆ ನೀರು ಚಿಮುಕಿಸಿ, ನೀರಿಗೆ ಹಾಳಾಗದ ಎಮರಿ ಕಾಗದವನ್ನು ಅಂಟಿಸಿ, 400, 800, 1500 ಎಂಬ ಕ್ರಮದಲ್ಲಿ ಮಸೆಯುತ್ತ ಹೋದರೆ ಕಲ್ಲಿಲ್ಲದೆಯೇ ಸಾಣೆಯಾಯಿತು. ಮೊದಲ ಸಲ ಬೆನ್ನನ್ನು ಸಮ ಮಾಡಲು ಇದೇ ಉತ್ತಮ. ಕಾಗದ ಬೇಗ ಸವೆಯುವುದರಿಂದ ವರ್ಷಾನುಗಟ್ಟಲೆಗೆ ಕಲ್ಲೇ ಅಗ್ಗವಾದೀತು.

ಮಸೆಯುವ ರೀತಿಯನ್ನು ಬರೆದು ತಿಳಿಸುವುದು ಈಜನ್ನು ಬರೆದು ತಿಳಿಸಿದಂತೆ. ಆದರೂ ಹೇಳುತ್ತೇನೆ. ಓರೆ ಮೈಯನ್ನು ಕಲ್ಲಿನ ಮೇಲೆ ಪೂರ್ತಿ ಕೂರಿಸಿ. ಹೆಚ್ಚಿನ ಉಳಿಗಳಲ್ಲಿ ಅದು 25 ಡಿಗ್ರಿಯ ಕೋನ. ಹಿಡಿಯನ್ನು ಕೂದಲೆಳೆಯಷ್ಟು ಮೇಲೆತ್ತಿದರೆ 30 ಡಿಗ್ರಿಯ ಹತ್ತಿರ ಬರುವುದು. ಕೈಮಣಿಕಟ್ಟನ್ನು ಅಲುಗಿಸದೆ, ಆ ಕೋನವನ್ನು ಬಿಡದೆ, ಹಿಂದೆ ಮುಂದೆ ಎಳೆಯಬೇಕು. ಹತ್ತಿಪ್ಪತ್ತು ಸಲ ಎಳೆದ ಮೇಲೆ ಬೆನ್ನಿನ ಕಡೆಯಿಂದ ಬೆರಳನ್ನು ಅಂಚಿನ ಹೊರಕ್ಕೆ ಸವರಿದರೆ (ಅಂಚಿನ ಉದ್ದಕ್ಕೆ ಸವರಬೇಡಿ, ನನ್ನ ಹೆಬ್ಬೆರಳನ್ನು ನೆನೆಯಿರಿ) ಸಣ್ಣದೊಂದು ಗರಿ ತಗಲುವುದು. ಗರಿ ಅಂಚಿನ ಉದ್ದಕ್ಕೂ ಎದ್ದಿದೆಯೆಂದರೆ ಮಸೆತ ಅಂಚನ್ನು ಮುಟ್ಟಿದೆ ಎಂದರ್ಥ. ಎದ್ದಿಲ್ಲವಾದರೆ ಇನ್ನೂ ಮಸೆಯಬೇಕು. ಆಮೇಲೆ ಬೆನ್ನನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿಟ್ಟು ಆ ಗರಿಯನ್ನು ತೆಗೆದುಹಾಕಿ, ನಯವಾದ ಮೈಯಲ್ಲಿ ಮತ್ತೊಮ್ಮೆ ಅದೇ ಕ್ರಮ. ಕೊನೆಗೆ ಹಳೆಯ ಬೆಲ್ಟಿನ ಚರ್ಮದ ಮೇಲೆ ಹಿಮ್ಮುಖವಾಗಿ ನಾಲ್ಕು ಸಲ. ಆದ ಮೇಲೆ ಮೆದುಮರದ ತುಂಡೊಂದರ ಅಡ್ಡಕೊಯ್ತದ ತುದಿಯನ್ನು, ಎಂದರೆ ನಾರುಗಳು ಮುಖ ತೋರುವ ಕಡೆಯನ್ನು, ಉಳಿಯಿಂದ ತೆಳ್ಳಗೆ ಹೆರೆದು ನೋಡಿ. ಮೈ ಹೊಳೆದರೆ ಉಳಿ ಸಿದ್ಧ. ಪುಡಿಪುಡಿಯಾದರೆ ಮತ್ತೆ ಕಲ್ಲಿಗೆ.

ಅವಸರದವರು ವಿದ್ಯುತ್ತಿನ ಸಾಣೆಚಕ್ರಕ್ಕೆ ಕೊಡುವುದುಂಟು. ಕಿಡಿ ಹಾರುವುದನ್ನು ನೋಡಲು ಚೆಂದ. ಆದರೆ ತೆಳ್ಳನೆಯ ಅಂಚು ಕ್ಷಣಮಾತ್ರದಲ್ಲಿ ಕಾದು ನೀಲಿಬಣ್ಣಕ್ಕೆ ತಿರುಗಿತೆಂದರೆ 300 ಡಿಗ್ರಿ ಮುಟ್ಟಿತೆಂದು ತಿಳಿಯಿರಿ. ಅಲ್ಲಿಗೆ ಹದ ಹೋಯಿತು. ಆ ನೀಲಿಯಾದ ಭಾಗವನ್ನು ಸವೆಸಿ ತೆಗೆಯುವವರೆಗೆ ಉಳಿ ಕೆಲಸಕ್ಕೆ ಬಾರದು. ಚಕ್ರಕ್ಕೆ ಕೊಡಲೇಬೇಕಾದರೆ ಪಕ್ಕದಲ್ಲಿ ನೀರಿನ ಬಟ್ಟಲಿಟ್ಟು, ಬೆರಳಿಗೆ ಬಿಸಿ ತಗಲುವ ಮೊದಲೇ ಅದ್ದುತ್ತಿರಬೇಕು.

ಇನ್ನು ಗರಗಸ. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಹಲ್ಲಿನ ತುದಿ ಕಪ್ಪಗೆ ನೀಲಿಯಾಗಿರುವ ಗರಗಸ. ಆ ಹಲ್ಲುಗಳನ್ನು ವಿಶೇಷವಾಗಿ ಗಟ್ಟಿ ಮಾಡಿರುವರು. ಬಹುಕಾಲ ಹರಿತವಾಗಿರುತ್ತವೆ, ಆದರೆ ಮೊಂಡಾದ ಮೇಲೆ ಅರ ಹತ್ತದು, ಎಸೆಯಬೇಕು. ಹಲ್ಲೆಲ್ಲ ಒಂದೇ ಬಣ್ಣದ್ದಾದರೆ ಅರದಿಂದ ಮಸೆದು ತಲೆಮಾರು ಬಳಸಬಹುದು. ಶಾಸ್ತ್ರಪ್ರಕಾರ ಎರಡನೆಯದೇ ಶ್ರೇಷ್ಠ. ಆದರೆ ಗರಗಸದ ಒಂದೊಂದೇ ಹಲ್ಲಿಗೆ ಅರ ಹಾಕುವ ಕೆಲಸ ಉಳಿ ಮಸೆಯುವುದಕ್ಕಿಂತ ಕಷ್ಟ. ಅದನ್ನು ಮಾಡಿಕೊಡುವವರು ಹತ್ತಿರದಲ್ಲಿಲ್ಲವಾದರೆ ಹೊಸಬನು ಮೊದಲನೆಯದನ್ನು ಕೊಂಡರೆ ನಾನು ತಪ್ಪೆನ್ನಲಾರೆ. ನಾನು ಕೊಂಡದ್ದೂ ಅದನ್ನೇ.

ಬೆನ್ನಿಗೆ ಲೋಹದ ಪಟ್ಟಿ ಹೊಡೆದ, 12 ಅಂಗುಲ ಉದ್ದದ, ಅಂಗುಲಕ್ಕೆ ಹನ್ನೆರಡು ಹದಿನಾಲ್ಕು ಹಲ್ಲಿರುವ ಗರಗಸ ಕಚ್ಚು ಹಾಕಲು ತಕ್ಕದ್ದು. ಹಲಗೆಯನ್ನೇ ಕೊಯ್ಯುವುದಕ್ಕೆ ಏಳೆಂಟು ಹಲ್ಲಿನ ದೊಡ್ಡದು ಬೇಕು. ಆದರೆ ಮೊದಲ ಕೆಲಸಕ್ಕೆ ಮರದ ಅಂಗಡಿಯಲ್ಲೇ ಅಳತೆಗೆ ಕೊಯ್ಯಿಸಿ ತರಬಹುದು. ಅಲಗನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿ, ಬಾಗಿರಬಾರದು. ಬೆನ್ನುಪಟ್ಟಿಯಿಲ್ಲದ ಗರಗಸವಾದರೆ ಕಮಾನಿನಂತೆ ಬಗ್ಗಿಸಿ ಬಿಡಿ, ನೇರಕ್ಕೆ ಮರಳಬೇಕು. ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಸ್ವಲ್ಪ ಸ್ವಲ್ಪ ಚಾಚಿರಬೇಕು. ಅದರಿಂದಲೇ ಕೊಯ್ದ ಜಾಡು ಅಲಗಿಗಿಂತ ಅಗಲವಾಗಿ, ಗರಗಸ ಸಿಕ್ಕಿಬೀಳದೆ ಓಡುವುದು. ಒಂದು ಕಡೆ ಹೆಚ್ಚು ಚಾಚಿದ್ದರೆ ಜಾಡು ಆ ಕಡೆಗೇ ವಾಲುತ್ತದೆ. ಕೈಯದೇ ದೋಷವೆಂದು ಹೊಸಬನು ವೃಥಾ ಪರಿತಪಿಸುವನು. ನಮ್ಮ ಹಿಂದಿನ ಬಡಗಿಗಳು ನೆಲದ ಮೇಲೆ ಕುಳಿತು, ಮರವನ್ನು ಕಾಲಿನಿಂದ ಒತ್ತಿಹಿಡಿದು, ತಮ್ಮ ಕಡೆಗೆ ಎಳೆದಾಗ ಕೊಯ್ಯುವ ಗರಗಸವನ್ನೇ ಬಳಸುತ್ತಿದ್ದರು. ಜಪಾನಿನಲ್ಲಿಯೂ ಅದೇ ಪದ್ಧತಿ. ಎಳೆಯುವಾಗ ಅಲಗು ತಾನಾಗಿ ನೇರವಾಗುವುದರಿಂದ ತೆಳುವಾದ ಅಲಗೂ ಸಾಕಾಗುತ್ತದೆ. ಮೇಜಿಲ್ಲದ ಸಣ್ಣ ಮನೆಗಳವರು ಇದನ್ನು ಮರೆಯಬೇಕಾಗಿಲ್ಲ.

ಮೂಲೆಮಟ್ಟವನ್ನು ಪರೀಕ್ಷಿಸುವುದು ನನಗೆ ಬಹಳ ಪ್ರಿಯವಾದ ಕೆಲಸ, ಏಕೆಂದರೆ ಇದಕ್ಕೆ ಖರ್ಚಿಲ್ಲ. ನೇರ ಅಂಚಿರುವ ಹಲಗೆಗೆ ಮಟ್ಟದ ಹಿಡಿಯನ್ನು ಆನಿಸಿ ಒಂದು ಗೆರೆ ಎಳೆಯಿರಿ. ಮಟ್ಟವನ್ನು ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಬಿದ್ದರೆ ಮಟ್ಟ ನಿಜವಾಗಿ 90 ಡಿಗ್ರಿ. ಕವಲೊಡೆದರೆ ಸುಳ್ಳು; ಅದೂ ಎಷ್ಟು ಸುಳ್ಳೋ ಅದರ ಎರಡರಷ್ಟನ್ನು ಗೆರೆಗಳು ತೋರಿಸುವುದರಿಂದ ಸಣ್ಣ ದೋಷವೂ ಕಣ್ಣಿಗೆ ಬೀಳುವುದು. ಅಂಗಡಿಯಲ್ಲಿ ನಾಲ್ಕು ಮಟ್ಟಗಳನ್ನು ಹೀಗೆ ಪರೀಕ್ಷಿಸಿದೆ. ಎರಡು ಸುಳ್ಳು ಹೇಳಿದವು. ಅಂಗಡಿಯ ಹುಡುಗ ಆಶ್ಚರ್ಯಪಟ್ಟು ಉಳಿದವನ್ನೂ ತಂದು ತಾನೇ ಪರೀಕ್ಷಿಸತೊಡಗಿದ.

ಉಜ್ಜುಗೊರಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸದಿರಬಹುದು. ನಮ್ಮ ಬಡಗಿಗಳು ಇದನ್ನು ಹತ್ತರಿ ಎನ್ನುವರು, ಪೇಟೆಯ ಅಂಗಡಿಗಳಲ್ಲಿ ರಂದಾ ಎಂದರೂ ತಿಳಿಯುವುದು. ಹೊಸಬನು ಮೊದಲ ಆರು ತಿಂಗಳು ಇದನ್ನು ಕೊಳ್ಳಬಾರದು. ಅಗ್ಗದ ಕಬ್ಬಿಣದ ಹತ್ತರಿಯಲ್ಲಿ ತಳ ಸಮವಿರದು, ಅಲಗು ತನ್ನ ಪೀಠದ ಮೇಲೆ ಗಟ್ಟಿಯಾಗಿ ಕೂರದೆ ನಡುಗುವುದು, ಅಲಗಿನ ಮೇಲಿನ ತಗಡು ಅಲಗಿಗೆ ಸರಿಯಾಗಿ ಕಚ್ಚದೆ ಸಂದಿನಲ್ಲಿ ಹೊಟ್ಟು ಸಿಕ್ಕಿಕೊಳ್ಳುವುದು. ಇವೆಲ್ಲವನ್ನೂ ತಿದ್ದಬಹುದು, ಆದರೆ ತಿದ್ದಲು ಬಲ್ಲವನು ಹೊಸಬನಲ್ಲ. ಮೈಸೂರು ರಸ್ತೆಯ ಕಡೆಯ ಮರದ ಮಂಡಿಗಳಲ್ಲಿ ಕೊಂಡ ಹಲಗೆಯನ್ನು ಯಂತ್ರದಲ್ಲಿ ಹೆರೆಸಿಕೊಡುವವರು ಸಿಗುತ್ತಾರೆ. ಉಳಿ ಮಸೆಯುವುದು ಕೈಗೆ ಹತ್ತಿದ ಮೇಲೆ ಹತ್ತರಿಗೆ ಹೋಗಬಹುದು. ಅಲ್ಲಿಯೂ ಇರುವುದು ಒಂದು ಅಗಲವಾದ ಉಳಿಯೇ.

ಕೊಡತಿಯನ್ನು ಕೊಳ್ಳಬೇಡಿ. ಹುಣಿಸೆಮರದ ಒಂದು ತುಂಡಿಗೆ ಹಿಡಿ ಹಾಕಿಕೊಳ್ಳಿ. ಕಬ್ಬಿಣದ ಸುತ್ತಿಗೆಯಿಂದ ಉಳಿಯ ಹಿಡಿಯನ್ನು ಹೊಡೆಯುವುದು ಹಿಡಿಗೆ ಒಳ್ಳೆಯದಲ್ಲ. ಬೈರಿಗೆಯ ಬದಲು ಈಗ ಅನೇಕ ಮನೆಗಳಲ್ಲಿ ವಿದ್ಯುತ್ತಿನ ಡ್ರಿಲ್ ಇದೆ, ನೆರೆಯವರಿಂದ ತಂದರಾಯಿತು. ಮರವನ್ನು ಹಿಡಿಯಲು ಎರಡು ಜಿ ಕ್ಲಾಂಪ್ ಮಾತ್ರ ಅವಶ್ಯ. ಹಿಡಿಯುವ ಕೆಲಸವನ್ನು ಅವಕ್ಕೆ ಒಪ್ಪಿಸಿದರೆ ಎಡಗೈ ಉಳಿಯ ದಾರಿಯಿಂದ ಆಚೆಗಿರುತ್ತದೆ.

ಎಲ್ಲಿ ಕೊಳ್ಳುವುದು? ಗವಿಪುರದಿಂದ ಚಾಮರಾಜಪೇಟೆಯ ಮೇಲೆ ಹೋದರೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಅದರ ಬಳಿಯ ಎಸ್.ಜೆ.ಪಿ. ರಸ್ತೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬ 1927ರಲ್ಲಿ ನಡೆಯಿತು. ಆ ನೆನಪಿನ ಸಿಲ್ವರ್ ಜೂಬಿಲಿ ಪಾರ್ಕಿನಿಂದ ರಸ್ತೆಗೆ ಈ ಹೆಸರು. ಇಲ್ಲಿ ಸಾಲುಸಾಲಾಗಿ ಹತ್ಯಾರುಗಳ ಅಂಗಡಿಗಳಿವೆ. ಒಂದೇ ಅಂಗಡಿಯಲ್ಲಿ ಕನ್ನಡ, ಉರ್ದು, ತಮಿಳು, ಹಿಂದಿ ನಾಲ್ಕೂ ಕೇಳಿಬರುವುವು. ಉಳಿ ಎಂದರೆ ಹುಡುಗನಿಗೆ ತಿಳಿಯದಿದ್ದರೆ "ಚಿಸಲ್" ಎನ್ನಿ. ಪಂಡಿತನಾದ ನಾನೇ ಅಂದೆ, ಏನೂ ಆಗಲಿಲ್ಲ. ಶನಿವಾರದ ನೂಕುನುಗ್ಗಲಲ್ಲಿ ಹೋಗಬೇಡಿ. ಅರ ಹಾಕಿ ನೋಡಲು, ಬೆಳಕಿಗೆ ಹಿಡಿಯಲು ಅಂಗಡಿಯವರಿಗೂ ನಮಗೂ ಬಿಡುವಿರಬೇಕು.

ಅದೇ ಸುತ್ತಿನಲ್ಲಿ ಗುಜರಿ ಅಂಗಡಿಗಳೂ, ಭಾನುವಾರ ಬೀದಿಯ ಮೇಲೆ ಹರಡುವ ಹಳೆಯ ಸಾಮಾನಿನ ಬಜಾರೂ ಇವೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಅವುಗಳ ಕಂಬ ಬಾಗಿಲುಗಳ ಜೊತೆಗೆ, ಅಟ್ಟದ ಮೇಲೆ ಯಾರೋ ಇಟ್ಟು ಮರೆತ ಉಳಿ ಬಾಚಿಗಳೂ ಹೊರಬರುತ್ತವೆ. ಬಾಚಿಕಾಯಕದ ಬಸವಯ್ಯನೆಂಬ ಬಡಗಿ ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಒಬ್ಬ. ತನ್ನ ಹತ್ಯಾರನ್ನೇ ಹೆಸರಿಗೆ ಅಂಟಿಸಿಕೊಂಡವನು. ಆ ಬಾಚಿಯೇ ಇಂದು ತೂಕದ ಲೆಕ್ಕದಲ್ಲಿ ಮಾರಾಟವಾಗುವುದನ್ನು ನೋಡಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಆದರೆ ಕೊಳ್ಳುವವನಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಬಡಗಿಯೊಬ್ಬನು ಇಪ್ಪತ್ತು ವರ್ಷ ದುಡಿಸಿದ ಉಳಿಯ ಉಕ್ಕಿಗೆ ನಮ್ಮ ಅರದ ಪರೀಕ್ಷೆ ಬೇಕಿಲ್ಲ, ಕೆಟ್ಟದ್ದಾಗಿದ್ದರೆ ಅವನೇ ಎಸೆಯುತ್ತಿದ್ದ.

ಹಳೆಯದರಲ್ಲಿ ನೋಡಬೇಕಾದುದು ಬೇರೆ. ಮೇಲಿನ ಕೆಂಪು ತುಕ್ಕಿಗೆ ಹೆದರಬೇಡಿ, ಎಮರಿ ಕಾಗದಕ್ಕೆ ಹೋಗುತ್ತದೆ. ಬೆನ್ನಿನಲ್ಲಿ ಬಾಯಿಯ ಹತ್ತಿರ ತುಕ್ಕು ಕೊರೆದ ಗುಳಿಗಳಿದ್ದರೆ ಬಿಟ್ಟುಬಿಡಿ; ಪ್ರತಿ ಗುಳಿಯೂ ಅಂಚಿಗೆ ಬಂದಾಗ ಒಂದು ಹಲ್ಲುಬಿಟ್ಟ ಬಾಯಾಗುವುದು. ಅಂಚಿನಿಂದ ಮೇಲಕ್ಕೆ ಹೋದ ಸೀಳಿದ್ದರೂ ಬೇಡ. ಉಕ್ಕು ಇನ್ನೆಷ್ಟು ಉದ್ದ ಉಳಿದಿದೆ ನೋಡಿ: ಎರಡಂಗುಲ ಉಳಿದಿದ್ದರೆ ನಮ್ಮಂಥವರ ಜೀವಮಾನಕ್ಕೆ ಸಾಕು. ಹಿಡಿ ಮುರಿದಿದ್ದರೆ ಬೆಲೆ ಇಳಿಯುತ್ತದೆ, ಅದೇ ಲಾಭ. ನಾನು 80 ರೂಪಾಯಿಗೆ ಕೊಂಡ ಒಂದಂಗುಲದ ಉಳಿ ಇಂಥದ್ದು. ಆಚಾರ್ಯರಿಗೆ ತೋರಿಸಿದೆ. ಬೆರಳಿನಿಂದ ಅದರ ಉದ್ದವನ್ನು ಅಳೆದು, ಸವೆದುಹೋದ ಭಾಗವನ್ನು ಗಾಳಿಯಲ್ಲಿ ತೋರಿಸಿ, "ಇಷ್ಟು ಕೆಲಸ ಮಾಡವ್ನೆ ಪುಣ್ಯಾತ್ಮ" ಎಂದರು. ಹೊಸ ಹಿಡಿಯನ್ನು ಅವರೇ ಹಾಕಿಕೊಟ್ಟರು, ದುಡ್ಡು ಮುಟ್ಟಲಿಲ್ಲ.

ಒಟ್ಟು ಖರ್ಚು ಕೇಳುವವರಿಗೆ: ಹೊಸ ಅರ್ಧ ಅಂಗುಲದ ಉಳಿ 260, ಹಳೆಯದು 80, ಕಲ್ಲು 350, ಗರಗಸ 450, ಮೂಲೆಮಟ್ಟ 220, ಎರಡು ಕ್ಲಾಂಪ್ 400. ಎಲ್ಲ ಸೇರಿ 1,760 ರೂಪಾಯಿ. ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆಯಾದೀತು. ಮೂಲೆಗೆ ಬಿದ್ದ ಪೆಟ್ಟಿಗೆಯ 899ನ್ನು ಈ ಲೆಕ್ಕಕ್ಕೆ ಸೇರಿಸಬೇಡವೆಂದು ನಮ್ಮ ಮನೆಯವರು ಹೇಳಿಲ್ಲ, ನಾನೇ ಸೇರಿಸಿಲ್ಲ. ಯಾವ ಮರ ಎಂಬ ಸಂದೇಹವುಳ್ಳವರು ತಿಳಿಯಬೇಕಾದ ಮಾತೊಂದಿದೆ. ಮಲ್ಲೇಶ್ವರದ 18ನೆಯ ಅಡ್ಡರಸ್ತೆಯಲ್ಲಿ ಮರದ ವಿಷಯಕ್ಕೇ ಮೀಸಲಾದ ಸಂಶೋಧನಾ ಸಂಸ್ಥೆಯಿದೆ. 1938ರಲ್ಲಿ ಅರಣ್ಯ ಸಂಶೋಧನಾಲಯವಾಗಿ ಆರಂಭವಾಗಿ 1988ರಲ್ಲಿ ಈಗಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು.

ನಮ್ಮ ಹಳೆಯ ಮಣೆ ಸೀಳಿದ್ದೇಕೆ ಎಂಬುದೂ ಆಚಾರ್ಯರಿಂದಲೇ ತಿಳಿಯಿತು. ಎಂದೋ ಕಾಲುಪಟ್ಟಿ ಸಡಿಲವಾದಾಗ ಯಾರೋ ಎರಡೂ ತುದಿಗೆ ಮೊಳೆ ಹೊಡೆದಿದ್ದರು. ಹಲಗೆ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚಾಗಿ ಕದಲದು. ಅಡ್ಡಪಟ್ಟಿಗೆ ಎರಡು ತುದಿಯಲ್ಲೂ ಬಿಗಿದರೆ ಕುಗ್ಗಲು ಎಡೆಯಿಲ್ಲದೆ ಸೀಳುವುದು. ಆದುದರಿಂದ ಹೊಸ ಮಣೆಯಲ್ಲಿ ಪಟ್ಟಿಯನ್ನು ಕಚ್ಚಿನಲ್ಲಿ ಕೂರಿಸಿ, ನಡುವೆ ಮಾತ್ರ ಒಂದೊಂದು ತಿರುಪು ಹಾಕಿದೆ.

ಆರು ಭಾನುವಾರ ಹಿಡಿಯಿತು. ಕಾಲುಪಟ್ಟಿಗಳನ್ನು ನಾಲ್ಕಂಗುಲ ಎತ್ತರ ಮಾಡಿದ್ದರಿಂದ ಅಮ್ಮನಿಗೆ ಮಂಡಿ ಪೂರ್ತಿ ಮಡಿಸದೆ ಕೂಡಲು, ಗೋಡೆ ಹಿಡಿಯದೆ ಏಳಲು ಆಗುತ್ತದೆ. ಬೆಳಗ್ಗೆ ರೇಡಿಯೋದಲ್ಲಿ ವಾರ್ತೆ ಮುಗಿಯುವ ಹೊತ್ತಿಗೆ ಮಣೆಯ ಮೇಲೆ ಕುಳಿತಿರುತ್ತಾರೆ. ಮೊದಲ ದಿನ ಕುಳಿತವರು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ ನೋಡಿ, "ಒಂದು ಕಾಲು ಕುಂಟುತ್ತಲ್ಲೋ" ಎಂದರು. ಅಳೆದು ನೋಡಿದೆ. ಒಂದು ಮೂಲೆ, ಬಡಗಿಗಳ ಲೆಕ್ಕದಲ್ಲಿ ಒಂದು ನೂಲು, ಎಂದರೆ ಅಂಗುಲದ ಎಂಟನೆಯ ಒಂದು ಪಾಲು ಗಿಡ್ಡವಾಗಿತ್ತು. ಸದ್ಯಕ್ಕೆ ಅದರ ಕೆಳಗೆ ಮಡಿಸಿದ ಕಾಗದವಿದೆ. ಈ ಭಾನುವಾರ ಉಳಿಯನ್ನು ಮಸೆದು ಉಳಿದ ಮೂರು ಮೂಲೆಗಳನ್ನು ಅದರ ಮಟ್ಟಕ್ಕೆ ಇಳಿಸಬೇಕು.